ಅಕ್ಕನ ದನಿಯ ಒಂದೂವರೆ ಸೆಕೆಂಡು

ನಾನು ಜಾಹೀರಾತುಗಳಿಗೆ ಸಂಗೀತ ಮಾಡುವವನು. ಸಂಗೀತ ಅನ್ನುವುದು ದೊಡ್ಡ ಮಾತಾಯಿತು. ಹಪ್ಪಳ ಮುರಿಯುವ ಸದ್ದು, ಸೋಪಿನ ನೊರೆ ಏಳುವ ಸದ್ದು, ಕೊನೆಯಲ್ಲಿ ಕಂಪನಿಯ ಹೆಸರು ಬರುವಾಗ ನಾಲ್ಕು ಸ್ವರದ ಒಂದು ಗುರುತು, ಇಷ್ಟೇ ನನ್ನ ಕೆಲಸ. ಜೆ.ಪಿ. ನಗರದಲ್ಲಿ ಅಮ್ಮನೂ ನಾನೂ ಬಾಡಿಗೆಗಿರುವ ಮನೆಯ ಮಹಡಿಯ ಮೇಲೆ ಒಂದು ಸಣ್ಣ ಕೋಣೆಯಿದೆ. ಮಾಲೀಕರು ಮೊದಲು ಅಲ್ಲಿ ಹಳೆ ಸಾಮಾನು ತುಂಬುತ್ತಿದ್ದರಂತೆ. ಗೋಡೆಗೆ ಸ್ಪಂಜು ಅಂಟಿಸಿ, ಕಿಟಕಿಗೆ ಒಂದು ಹಳೆ ರಜಾಯಿ ತೂಗುಹಾಕಿ, ಹತ್ತು ಹನ್ನೊಂದು ವರ್ಷದಿಂದ ಅಲ್ಲೇ ಕೂತಿದ್ದೇನೆ.

ಎರಡು ವರ್ಷದ ಹಿಂದೆ ನಾನೊಂದು ಸಾಫ್ಟ್‌ವೇರ್ ವಾದ್ಯ ಕೊಂಡುಕೊಂಡೆ. ಕಂಪ್ಯೂಟರಿನ ಒಳಗೇ ಇರುವ ವಾದ್ಯ ಅದು. ಮೌಸಿನಲ್ಲಿ, ಇಲ್ಲವೇ ಪುಟ್ಟ ಕೀಬೋರ್ಡಿನಲ್ಲಿ ನುಡಿಸಬೇಕು. ಅದರಲ್ಲಿ ಎರಡು ಭಾಗ. ಮೊದಲನೆಯದು ನಾವು ಕೊಟ್ಟ ಯಾವ ಸದ್ದನ್ನಾದರೂ ರವೆಯ ಹಾಗೆ ಸಣ್ಣ ಸಣ್ಣ ಕಣಗಳಾಗಿ ಒಡೆಯುತ್ತದೆ. ಆ ಕಣಗಳನ್ನು ಹಿಂದುಮುಂದು ಮಾಡಬಹುದು, ಚೆಲ್ಲಬಹುದು, ಒಂದನ್ನೇ ಮತ್ತೆ ಮತ್ತೆ ಉದುರಿಸಬಹುದು. ಎರಡನೆಯ ಭಾಗಕ್ಕೆ ತನ್ನದೇ ಸದ್ದು ಇಲ್ಲ. ಒಂದು ಮಣ್ಣಿನ ಗಡಿಗೆ, ಬಿದಿರಿನ ಕೊಳವೆ, ಬಿಗಿದ ತಂತಿ ಅಥವಾ ಹಿತ್ತಾಳೆ ತಟ್ಟೆ ಪೆಟ್ಟು ಬಿದ್ದಾಗ ಹೇಗೆ ಕಂಪಿಸಬೇಕು ಅನ್ನುವುದಷ್ಟೇ ಅದಕ್ಕೆ ಗೊತ್ತು. ಮೊದಲ ಭಾಗದ ಕಣಗಳು ಪೆಟ್ಟುಗಳಾಗಿ ಹೋಗಿ ಎರಡನೆಯ ಭಾಗದ ಗಡಿಗೆಗೆ ಬಡಿಯುತ್ತವೆ, ಎಲ್ಲೂ ಇಲ್ಲದ ಆ ಗಡಿಗೆ ನುಡಿಯುತ್ತದೆ. ನಲ್ಲಿಯಿಂದ ತೊಟ್ಟಿಕ್ಕುವ ನೀರನ್ನು ಕೊಟ್ಟು ವೀಣೆಯ ಹತ್ತಿರದ ಏನೋ ಒಂದನ್ನು ಪಡೆಯಬಹುದು. ಕೊಂಡ ಮೊದಲ ವಾರ ನಾನು ಊಟಕ್ಕೆ ಕೆಳಗಿಳಿಯುವುದನ್ನೂ ಮರೆಯುತ್ತಿದ್ದೆ.

ಇನ್ನು ಅಕ್ಕನ ವಿಷಯ. ನನ್ನ ಅಕ್ಕ ಉಗ್ಗುತ್ತಾಳೆ. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಭಾವನ ಜೊತೆ ಉತ್ತರಹಳ್ಳಿಯಲ್ಲಿದ್ದಾಳೆ. ಬನಶಂಕರಿಯ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ. ಅವಳ ಕೈ ಹಗುರ ಅಂತ ಅಲ್ಲಿಗೆ ಬರುವ ವಯಸ್ಸಾದವರೆಲ್ಲ ಅವಳಿಗಾಗಿ ಕಾದು ಕೂರುತ್ತಾರೆ. ಅವಳಿಗೆ ಎಲ್ಲಕ್ಕಿಂತ ‘ಕ’ ಮತ್ತು ‘ಪ’ ಕಷ್ಟ. ಆ ಅಕ್ಷರಗಳು ಬಂದರೆ ತುಟಿ ಗಂಟುಬೀಳುತ್ತದೆ, ಕತ್ತು ಒಂದು ಕಡೆಗೆ ಸಣ್ಣಗೆ ಎಳೆಯುತ್ತದೆ. ಅದಕ್ಕೇ ರೋಗಿಗಳಿಗೆ ‘ಕೈ ಕೊಡಿ’ ಅನ್ನುವ ಬದಲು ‘ಮುಷ್ಟಿ ಹಿಡೀರಿ’ ಅನ್ನುತ್ತಾಳೆ. ‘ಮ’ ಅವಳಿಗೆ ಸಲೀಸು. ಹೀಗೆ ಅವಳು ದಿನವಿಡೀ ಮಾತಿಗೆ ಬದಲು ಮಾತು ಹುಡುಕಿಕೊಂಡು ದಾರಿ ಮಾಡಿಕೊಂಡು ಹೋಗುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ.

ನಾವು ಬೆಳೆದದ್ದು ಹನುಮಂತನಗರದಲ್ಲಿ. ಅಂಗಡಿಗೆ ಕಳಿಸಿದರೆ ಅಕ್ಕ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದಳು. ಕೊತ್ತಂಬರಿ ಸೊಪ್ಪು, ಕಡಲೆಬೇಳೆ, ಪುಳಿಯೋಗರೆ ಪುಡಿ, ಎಲ್ಲ ನಾನೇ ಕೇಳಬೇಕು. ಆರು ವರ್ಷದ ನನಗೆ ಅದೊಂದು ಅಧಿಕಾರ. ಬರಬರುತ್ತ ಮನೆಗೆ ಬಂದವರು ಅವಳನ್ನು ಮಾತಾಡಿಸಿದರೂ ಅವಳು ಬಾಯಿ ತೆರೆಯುವ ಮೊದಲೇ ನಾನು ಉತ್ತರ ಕೊಡುವುದು ಅಭ್ಯಾಸವಾಯಿತು. ‘ಅಕ್ಕನಿಗೆ ಎಷ್ಟು ಸಹಾಯ ಮಾಡ್ತಾನೆ ನೋಡಿ’ ಅಂತ ನೆಂಟರು ಹೊಗಳುತ್ತಿದ್ದರು.

ಅದೇ ನೆಂಟರ ಎದುರಿಗೆ, ನನಗೆ ಹನ್ನೊಂದು ವರ್ಷವಿದ್ದಾಗ, ಯಾರದೋ ಮದುವೆಯ ಛತ್ರದಲ್ಲಿ ಮಿಮಿಕ್ರಿ ಮಾಡಿದೆ. ಮೊದಲು ಬಸ್ ಕಂಡಕ್ಟರನನ್ನು ಮಾಡಿದೆ, ಆಮೇಲೆ ನಮ್ಮ ಮೇಷ್ಟ್ರನ್ನು. ಜನ ನಕ್ಕರು. ಇನ್ನೂ ನಗಿಸುವ ಆಸೆಗೆ ತುಟಿ ಉಬ್ಬಿಸಿ, ಕತ್ತು ಎಳೆದು, ‘ಪ-ಪ-ಪ-ಪುಟ್ಟ’ ಅಂದೆ. ಅಕ್ಕ ನನ್ನನ್ನು ಪುಟ್ಟ ಅಂತಲೇ ಕರೆಯುವುದು. ಛತ್ರದ ಆ ಮೂಲೆಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಅಕ್ಕನೂ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಅವಳಿಗೂ ಖುಷಿಯಾಗಿದೆ ಅಂತ ನಾನು ಅಂದುಕೊಂಡೆ. ಸುಮಾರು ಮೂವತ್ತು ವರ್ಷ ಹಾಗೇ ಅಂದುಕೊಂಡಿದ್ದೆ.

ಹೋದ ವರ್ಷ ಅಕ್ಕ, ನಲವತ್ತು ದಾಟಿದ ಮೇಲೆ, ಒಂದು ಹೊಸ ಕೆಲಸಕ್ಕೆ ಕೈಹಾಕಿದಳು. ಜಯನಗರದ ಒಂದು ಪಾರ್ಕಿನಲ್ಲಿ ಭಾನುವಾರ ಬೆಳಿಗ್ಗೆ ಉಗ್ಗುವವರು ಏಳೆಂಟು ಜನ ಸೇರುತ್ತಾರೆ. ಅಲ್ಲಿ ಯಾರೂ ಉಗ್ಗನ್ನು ವಾಸಿ ಮಾಡುವುದಿಲ್ಲ. ಉಗ್ಗನ್ನು ಅಡಗಿಸದೆ ಮಾತಾಡುವುದನ್ನು ಕಲಿಯುತ್ತಾರೆ. ಲ್ಯಾಬಿಗೆ ಬಂದ ಒಬ್ಬರಿಂದ ಅಕ್ಕನಿಗೆ ವಿಷಯ ತಿಳಿದು, ಎರಡು ಭಾನುವಾರ ಗೇಟಿನವರೆಗೆ ಹೋಗಿ ವಾಪಸ್ಸು ಬಂದು, ಮೂರನೆಯ ಭಾನುವಾರ ಒಳಗೆ ಹೋದಳಂತೆ. ಅಲ್ಲಿ ಕೊಟ್ಟ ಮೊದಲ ಅಭ್ಯಾಸ, ನಂಬಿಕೆಯಿರುವ ಒಬ್ಬರಿಗೆ ವಾಟ್ಸಾಪಿನಲ್ಲಿ ದನಿ ಸಂದೇಶ ಕಳಿಸುವುದು. ಕಷ್ಟದ ಅಕ್ಷರ ಬಂದಾಗ ಬದಲು ಮಾತು ಹುಡುಕಬಾರದು. ಅವಳು ಆರಿಸಿಕೊಂಡದ್ದು ನನ್ನನ್ನು.

ಮೊದಲ ಸಂದೇಶ ಹೀಗಿತ್ತು. “ಪ… ಪ… ಪ… ಪ… ಪುಟ್ಟ, ಇವತ್ತು ಬಸ್ಸಲ್ಲಿ ಕ… ಕಂಡಕ್ಟರ್‌ಗೆ ನಾನೇ ಬನಶಂಕರಿ ಅಂತ ಹೇಳ್ದೆ. ಪೂ… ಪೂರ್ತಿ ಹೇಳ್ದೆ. ಇದು ಅಭ್ಯಾಸಕ್ಕೆ. ಯಾರಿಗೂ ಕೇಳಿಸ್ಬೇಡ.”

ಆವರೆಗೆ ಅವಳು ನನಗೆ ಯಾವಾಗಲೂ ಟೈಪು ಮಾಡಿಯೇ ಕಳಿಸುತ್ತಿದ್ದವಳು. ಆ ಸಂದೇಶವನ್ನು ಎರಡು ಸಲ ಕೇಳಿದೆ. ವಾರಕ್ಕೊಂದರಂತೆ ಬರುತ್ತಿದ್ದವು. ಹನ್ನೊಂದು ಬಂದವು.

ಆ ಹೊತ್ತಿಗೆ ನನಗೊಂದು ಕೋಡುಬಳೆ ಜಾಹೀರಾತಿನ ಕೆಲಸ ಬಂತು. ಮೂವತ್ತು ಸೆಕೆಂಡು. ಅಜ್ಜಿ ಕೋಡುಬಳೆ ಕಚ್ಚುತ್ತಾಳೆ, ಆ ಸದ್ದು ತಾಳವಾಗುತ್ತದೆ, ಮನೆಮಂದಿಯೆಲ್ಲ ಕುಣಿಯುತ್ತಾರೆ. ನನ್ನ ಹೊಸ ವಾದ್ಯಕ್ಕೆ ಹೇಳಿ ಮಾಡಿಸಿದ ಕೆಲಸ. ನಿಜವಾದ ಕೋಡುಬಳೆ ಮುರಿದು ರೆಕಾರ್ಡ್ ಮಾಡಿದೆ. ಒಗ್ಗರಣೆಯ ಸಾಸಿವೆ ಸಿಡಿಯುವುದನ್ನು ಮಾಡಿದೆ. ಅವನ್ನೆಲ್ಲ ಒಡೆದು ಗಡಿಗೆಗೆ ಬಡಿಸಿ ಕಳಿಸಿದೆ. ಏಜೆನ್ಸಿಯ ಹುಡುಗಿ, ಕೆಲಸ ಗೊತ್ತಿದ್ದವಳೇ, ಮೂರು ಸಲ ವಾಪಸ್ಸು ಕಳಿಸಿದಳು. ಚೆನ್ನಾಗಿದೆ, ಆದರೆ ಮೆಷಿನ್ ಥರ ಇದೆ, ಜೀವ ಇಲ್ಲ ಅಂದಳು. ಅವಳು ಹೇಳಿದ್ದು ಸರಿ. ಪೆಟ್ಟು ಪೆಟ್ಟಿನ ನಡುವೆ ನಾನು ಬೇಕೆಂದೇ ತಂದ ಏರುಪೇರು ಕೂಡ ಲೆಕ್ಕ ಹಾಕಿದ ಹಾಗೆ ಕೇಳುತ್ತಿತ್ತು.

ಒಂದು ಮಧ್ಯಾಹ್ನ ಹೀಗೇ ಕೂತಿದ್ದಾಗ ಅಕ್ಕನ ಸಂದೇಶ ಬಂತು. ಹೆಡ್‌ಫೋನಿನಲ್ಲಿ ಕೇಳಿದೆ. ‘ಪ-ಪ-ಪ… ಪ-ಪ…’ ಮೂರು ಒಂದು ನಡೆಯಲ್ಲಿ, ಆಮೇಲೆ ಒಂದು ತಡೆ, ತಡೆಯೊಳಗೆ ಒಂದು ಸಣ್ಣ ಉಸಿರು, ಆಮೇಲೆ ಎರಡು. ಅವಳು ಏನು ಹೇಳುತ್ತಿದ್ದಾಳೆ ಅಂತ ನಾನು ಕೇಳಿಸಿಕೊಳ್ಳಲಿಲ್ಲ. ಇದನ್ನು ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ. ಆ ಸಂದೇಶದಲ್ಲಿ ಅವಳು ಲ್ಯಾಬಿನ ಮೀಟಿಂಗಿನಲ್ಲಿ ಮೊದಲ ಸಲ ಎದ್ದು ನಿಂತು ರಜೆಯ ಬಗ್ಗೆ ಕೇಳಿದ್ದನ್ನು ಹೇಳಿದ್ದಳು. ಅದು ನನಗೆ ತಿಳಿದದ್ದು ತಿಂಗಳುಗಳ ನಂತರ.

ಸಂದೇಶದಿಂದ ಒಂದೂವರೆ ಸೆಕೆಂಡು ಕತ್ತರಿಸಿ ವಾದ್ಯದೊಳಗೆ ಹಾಕಿದೆ. ‘ಪ’ ಅನ್ನುವುದು ತುಟಿ ಬಿಚ್ಚುವಾಗಿನ ಒಂದು ಸಣ್ಣ ಪೆಟ್ಟು ತಾನೆ. ಅದು ಗಡಿಗೆಗೆ ಬಡಿದ ಕೂಡಲೇ ಗಡಿಗೆಗೆ ಜೀವ ಬಂತು. ಯಾವ ತಾಳವಾದ್ಯದವನ ಬೆರಳಿಗೂ ಸಿಗದ ಏರುಪೇರು. ದನಿಯ ಗುರುತು ಉಳಿಯಲಿಲ್ಲ, ನಡೆ ಮಾತ್ರ ಉಳಿಯಿತು. ಯಾರಿಗೂ ಗೊತ್ತಾಗುವುದಿಲ್ಲ ಅಂತ ಅಂದುಕೊಂಡೆ. ಗೊತ್ತಾಗದಿದ್ದರೆ ಕೇಳಿಸಿದ ಹಾಗೂ ಆಗುವುದಿಲ್ಲ ಅಂತಲೂ ಅಂದುಕೊಂಡೆ. ‘ಯಾರಿಗೂ ಕೇಳಿಸ್ಬೇಡ’ ಅಂದದ್ದು ನೆನಪಿಗೆ ಬರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಬಂತು. ಕೆಲಸ ಮುಗಿಯಲಿ ಅಂತ ಪಕ್ಕಕ್ಕಿಟ್ಟೆ. ಕಳಿಸಿದ ಹತ್ತು ನಿಮಿಷಕ್ಕೆ ಏಜೆನ್ಸಿಯಿಂದ ಒಪ್ಪಿಗೆ ಬಂತು.

ಇಲ್ಲಿಗೆ ನಿಂತಿದ್ದರೂ ಆಗುತ್ತಿತ್ತು. ಚಿತ್ರೀಕರಣದ ಹಿಂದಿನ ದಿನ ವಿಡಿಯೋ ಕಾಲಿನಲ್ಲಿ ನಿರ್ದೇಶಕರು ಒಂದು ಪ್ರಶ್ನೆ ಕೇಳಿದರು. ಈ ತಾಳಕ್ಕೆ ಮಕ್ಕಳು ಏನು ಮಾಡಬೇಕು, ಕೈಕಾಲು ಕುಣಿಸಿದರೆ ಹೊಂದುತ್ತಿಲ್ಲವಲ್ಲ ಅಂದರು. ನಾನು ಯೋಚಿಸಲೇ ಇಲ್ಲ. ಸದ್ದು ಹಾಕಿ, ಅದರ ಜೊತೆ ತುಟಿ ಉಬ್ಬಿಸಿ, ಕತ್ತು ಒಂದು ಕಡೆಗೆ ಎಳೆದು ತೋರಿಸಿದೆ. ಪರದೆಯ ಮೇಲಿದ್ದ ಐದಾರು ಮುಖಗಳೂ ನಕ್ಕವು. “ಸಖತ್ತಾಗಿದೆ ಸಾರ್, ಅದನ್ನೇ ಮಾಡಿಸೋಣ” ಅಂದರು ನಿರ್ದೇಶಕರು. ಕಾಲ್ ಮುಗಿದ ಮೇಲೆ ಕಪ್ಪಾದ ಪರದೆಯಲ್ಲಿ ನನ್ನ ಮುಖ ಕಂಡಾಗ ನಾನು ಏನು ಮಾಡಿದೆ ಅನ್ನುವುದು ತಿಳಿಯಿತು. ಫೋನೆತ್ತಿ ಬೇಡ ಅನ್ನಬಹುದಿತ್ತು. ಮರುದಿನ ಬೆಳಿಗ್ಗೆಯವರೆಗೂ ಸಮಯವಿತ್ತು. ಕಾರಣ ಕೇಳುತ್ತಾರಲ್ಲ ಅಂತ ಸುಮ್ಮನಾದೆ.

ಜಾಹೀರಾತು ಓಡಿತು. ಬರಿ ಟಿ.ವಿ.ಯಲ್ಲಿ ಓಡಿದ್ದರೆ ಒಂದು ಮಾತು. ಮೊಬೈಲಿನಲ್ಲಿ ಜನ ಅದಕ್ಕೆ ತಮ್ಮ ತಮ್ಮ ರೀಲ್ಸ್ ಮಾಡತೊಡಗಿದರು. ಎಲ್ಲರೂ ತುಟಿ ಉಬ್ಬಿಸುವವರೇ, ಕತ್ತು ಎಳೆಯುವವರೇ. ನಮ್ಮ ರಸ್ತೆಯ ಮಕ್ಕಳು ಸೈಕಲ್ ಮೇಲೆ ಅದನ್ನೇ ಮಾಡಿಕೊಂಡು ಹೋಗುತ್ತಿದ್ದರು. ನನ್ನ ಜೊತೆ ಕೆಲಸ ಮಾಡುವವರು ಅಭಿನಂದನೆ ಹೇಳಿದರು. ನಾನು ಥ್ಯಾಂಕ್ಸ್ ಅಂದೆ.

ಅಕ್ಕ ಬಹಳ ದಿನದಿಂದ ನನ್ನನ್ನು ಶುಗರ್ ಟೆಸ್ಟ್ ಮಾಡಿಸಿಕೋ ಅಂತ ಪೀಡಿಸುತ್ತಿದ್ದಳು. ಒಂದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬನಶಂಕರಿಗೆ ಹೋದೆ. ನನಗಿಂತ ಮುಂಚೆ ಒಬ್ಬ ತಾಯಿ ಐದಾರು ವರ್ಷದ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರು. ಸೂಜಿ ನೋಡಿ ಮಗು ರಂಪ ಮಾಡುತ್ತಿತ್ತು. ಸಮಾಧಾನ ಮಾಡಲು ತಾಯಿ ಮೊಬೈಲು ತೆಗೆದರು. ಕೋಡುಬಳೆಯ ಅಜ್ಜಿ ಬಂದಳು, ಸದ್ದು ಶುರುವಾಯಿತು. ಮಗು ಅಳು ನಿಲ್ಲಿಸಿ, ಪರದೆ ನೋಡುತ್ತ, ತುಟಿ ಉಬ್ಬಿಸಿ ಕತ್ತು ಎಳೆಯಿತು.

ಅಕ್ಕನ ಕೈಯಲ್ಲಿ ಸ್ಪಿರಿಟ್ ಹತ್ತಿಯಿತ್ತು. ಅದು ಹಾಗೇ ನಿಂತಿತು. ಅವಳು ಮಗುವಿನ ಮುಖ ನೋಡಿದಳು. ಆಮೇಲೆ ತಲೆ ಸ್ವಲ್ಪ ವಾಲಿಸಿ, ಕೊನೆಯವರೆಗೂ ಸದ್ದನ್ನು ಕೇಳಿಸಿಕೊಂಡಳು. ತಾಯಿ ಮತ್ತೊಮ್ಮೆ ಹಾಕಿದರು. ಅಕ್ಕ ಮಗುವಿನ ರಕ್ತ ತೆಗೆದಳು, ಮಗುವಿಗೆ ಗೊತ್ತೇ ಆಗಲಿಲ್ಲ. ಅವರು ಹೋದ ಮೇಲೆ ನಾನು ಕುರ್ಚಿಯಲ್ಲಿ ಕೂತೆ. ಅವಳು ತೋಳಿಗೆ ರಬ್ಬರ್ ಪಟ್ಟಿ ಬಿಗಿದಳು.

“ಆ ಆ್ಯಡ್ ನಿಂದಲ್ವಾ?” ಅಂದಳು.

ಹೂಂ ಅಂದೆ.

“ಅದರಲ್ಲಿರೋದು ನಾ… ನಾನಾ?”

“ಇಲ್ಲಕ್ಕ, ಅದು ಸಾಫ್ಟ್‌ವೇರು. ಕಂಪ್ಯೂಟರೇ ಮಾಡೋದು.”

ಅವಳು ನನ್ನ ಮುಖವನ್ನು ಇನ್ನೂ ಒಂದು ಕ್ಷಣ ನೋಡಿದಳು. ಏನಾದರೂ ಸೇರಿಸುತ್ತೇನೆಯೇ ಅಂತ ಕಾದಳೇನೋ. ಆಮೇಲೆ ಬೇರೆ ಯಾರಿಗೋ ಹೇಳುವ ಹಾಗೆ, “ಮುಷ್ಟಿ ಹಿಡೀರಿ” ಅಂದಳು. ಬಹುವಚನದಲ್ಲಿ. ಸೂಜಿ ಹೋದದ್ದು ನನಗೂ ಗೊತ್ತಾಗಲಿಲ್ಲ.

ವಾಪಸ್ಸು ಬರುವಾಗ ಆಟೋದಲ್ಲಿ ನಾನು ಆಡಿದ ಒಂದೊಂದು ಮಾತನ್ನೂ ಪರೀಕ್ಷೆ ಮಾಡಿದೆ. ಸಾಫ್ಟ್‌ವೇರು ಅನ್ನುವುದು ನಿಜ. ಕಂಪ್ಯೂಟರ್ ಮಾಡುತ್ತದೆ ಅನ್ನುವುದೂ ನಿಜ. ‘ಇಲ್ಲಕ್ಕ’ ಒಂದನ್ನು ಬಿಟ್ಟು ಉಳಿದದ್ದೆಲ್ಲ ನಿಜ ಅಂತ ನನಗೆ ನಾನೇ ವಾದಿಸುತ್ತ ಸಾರಕ್ಕಿ ಸಿಗ್ನಲ್ಲಿನವರೆಗೂ ಬಂದೆ. ಅಷ್ಟು ಸಣ್ಣವನಾಗಿದ್ದೆ.

ಆ ವಾರ ದನಿ ಸಂದೇಶ ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ. ಶುಗರ್ ರಿಪೋರ್ಟನ್ನು ‘ನಾರ್ಮಲ್’ ಅಂತ ಟೈಪು ಮಾಡಿ ಕಳಿಸಿದಳು. ಅಮ್ಮನ ಹತ್ತಿರ ಪಾರ್ಕಿನ ವಿಷಯ ಎತ್ತಿದೆ. ಈಚೆಗೆ ಹೋಗುತ್ತಿಲ್ಲವಂತೆ, ಭಾನುವಾರ ಬಟ್ಟೆ ಒಗೆಯುವುದಿರುತ್ತಂತೆ ಅಂದಳು ಅಮ್ಮ.

ಒಂದೂವರೆ ತಿಂಗಳು ಹೀಗೆ ಕಳೆದ ಮೇಲೆ ಒಂದು ಭಾನುವಾರ ನಾನೇ ಆ ಪಾರ್ಕಿಗೆ ಹೋದೆ. ಅಕ್ಕ ಬಂದಿದ್ದರೆ ಅಲ್ಲೇ, ಅವಳ ಜೊತೆಯವರ ನಡುವೆ ಹೇಳಿಬಿಡುವುದು ಸುಲಭ ಅನ್ನುವ ಲೆಕ್ಕಾಚಾರವಿತ್ತು. ಅವಳು ಬಂದಿರಲಿಲ್ಲ. ಒಂದು ಹೊಂಗೆ ಮರದ ಸುತ್ತಿನ ಕಟ್ಟೆಯ ಮೇಲೆ ಎಂಟು ಜನ ಕೂತಿದ್ದರು. ಅವರಲ್ಲಿ ಹಿರಿಯರೊಬ್ಬರು, ಅಂಚೆ ಕಚೇರಿಯಿಂದ ನಿವೃತ್ತರಾದವರು ಅಂತ ಆಮೇಲೆ ತಿಳಿಯಿತು, ನಾನು ಹತ್ತಿರ ನಿಂತದ್ದನ್ನು ನೋಡಿ ಹೊಸಬರಾ ಅಂತ ಕೇಳಿ, ಜರುಗಿ ಜಾಗ ಮಾಡಿಕೊಟ್ಟರು. ಇಲ್ಲ ಅನ್ನದೆ ಕೂತೆ. ಒಬ್ಬೊಬ್ಬರೂ ತಮ್ಮ ಪರಿಚಯ ಹೇಳಿಕೊಳ್ಳುತ್ತಿದ್ದರು. ನನ್ನ ಸರದಿ ಬಂತು.

ನಾನು ಬಾಯಿ ತೆರೆದೆ. ಮಾತು ಹೊರಡಲಿಲ್ಲ. ‘ನಾನು’ ಅಂದೆ, ಮುಂದೆ ಏನು ಹೇಳಿದರೂ ಅದು ಅಲ್ಲಿಗೇ ಬಂದು ನಿಲ್ಲುತ್ತದೆ ಅನ್ನುವುದು ಕಂಡಿತು, ತಡೆದೆ. ಮತ್ತೆ ‘ನಾನು’ ಅಂದೆ. ಅವರು ಎಂಟೂ ಜನ ನನ್ನ ಕಡೆ ತಿರುಗಿ ಕಾದರು. ಯಾರೂ ಗಡಿಯಾರ ನೋಡಲಿಲ್ಲ, ಯಾರೂ ನನ್ನ ಬದಲು ಮಾತು ಮುಗಿಸಲಿಲ್ಲ, ಯಾರೂ ಕಣ್ಣು ತಪ್ಪಿಸಲಿಲ್ಲ. ನಾನು ಉಗ್ಗುತ್ತಿದ್ದೇನೆ ಅಂತ ಅವರು ತಿಳಿದಿದ್ದರು. ನನ್ನ ಅಕ್ಕನಿಗೆ ನಾನು ಒಂದು ದಿನವೂ ಕೊಡದ ತಾಳ್ಮೆಯನ್ನು ಗುರುತು ಪರಿಚಯವಿಲ್ಲದ ನನಗೆ ಅವರು ಕೊಡುತ್ತಿದ್ದರು. ಅದನ್ನು ಮೋಸದಿಂದ ಪಡೆಯುತ್ತಿದ್ದೇನೆ ಅನ್ನಿಸಿತು.

“ಟೈಮ್ ತಗೊಳ್ಳಿ ಸಾರ್,” ಅಂದರು ಹಿರಿಯರು. “ಇ… ಇಲ್ಲಿ ಯಾರಿಗೂ ಅರ್ಜೆಂಟಿಲ್ಲ.”

ಆಗ ಹೇಳಿದೆ. ನನಗೆ ಉಗ್ಗಿಲ್ಲ, ಇಲ್ಲಿಗೆ ಬರುತ್ತಿದ್ದ ಲ್ಯಾಬಿನ ಮೇಡಂ ನನ್ನ ಅಕ್ಕ, ಅವಳು ನನ್ನನ್ನು ನಂಬಿ ಕಳಿಸಿದ ದನಿಯನ್ನು ಕತ್ತರಿಸಿ ನಾನು ಜಾಹೀರಾತಿಗೆ ಬಳಸಿದೆ, ಕೇಳಿದಾಗ ಸುಳ್ಳು ಹೇಳಿದೆ. ಯಾವ ಜಾಹೀರಾತು ಅಂತ ಯಾರೂ ಕೇಳಬೇಕಾಗಲಿಲ್ಲ. ಹುಬ್ಬಳ್ಳಿ ಕಡೆಯ ಒಬ್ಬ ಯುವಕ, ಬಿ.ಟಿ.ಎಂ.ನಲ್ಲಿ ರೂಮು ಮಾಡಿಕೊಂಡು ಆಫೀಸಿಗೆ ಹೋಗುವವನು, ಎದ್ದು ನಿಂತ.

“ಕೋ… ಕೋಡಬಳಿದೇನ್ರಿ?” ಅಂದ. “ನಾ ಮೀಟಿಂಗ್‌ನ್ಯಾಗ ಬಾಯಿ ತಗದ್ರ ಸಾಕು, ಈಗ ಎಲ್ಲಾರೂ ಕು… ಕುತ್ತಿಗಿ ಹಂಗ ಮಾಡ್ತಾರ್ರಿ. ಅದನ್ನ ನೀವ್ ಮಾಡಿದ್ದೇನ್ರಿ?”

ಹೌದು ಅಂದೆ. ಅವನು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಮತ್ತೆ ಕೂತು ಚಪ್ಪಲಿಯ ತುದಿಯಿಂದ ಮಣ್ಣು ಕೆದಕತೊಡಗಿದ. ಇದು ನಾನು ಅಕ್ಕನೊಬ್ಬಳಿಗೆ ಮಾಡಿದ ತಪ್ಪು ಅಂತ ಅಲ್ಲಿಯವರೆಗೆ ತಿಳಿದುಕೊಂಡಿದ್ದೆ. ಊರಿನಲ್ಲಿ ಉಗ್ಗುವವರನ್ನೆಲ್ಲ ಅಣಕಿಸಲು ಜನರ ಕೈಗೆ ಒಂದು ಆಟಿಕೆ ಕೊಟ್ಟಿದ್ದೆ. ಹಿರಿಯರು ಮಾತ್ರ, ಇದನ್ನು ನಮಗೆ ಹೇಳಿ ಏನು ಪ್ರಯೋಜನ, ಹೋಗಿ ಅವರಿಗೆ ಹೇಳಿ ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಕನಿಕರವೂ ಇರಲಿಲ್ಲ.

ಅಲ್ಲಿಂದ ಸೀದಾ ಉತ್ತರಹಳ್ಳಿಗೆ ಹೋದೆ. ಭಾವ ಹೊರಗೆ ಹೋಗಿದ್ದರು. ಅಕ್ಕ ಟೆರೇಸಿನ ಮೇಲೆ ಬೆಡ್‌ಶೀಟು ಹರವುತ್ತಿದ್ದಳು. ನಾನು ಒಂದು ತುದಿ ಹಿಡಿದುಕೊಂಡೆ. ಹೇಳಿದೆ. ಬಿಡಿಸಿಯೇ ಹೇಳಿದೆ, ಯಾವ ವಾರ ಬಂದ ಸಂದೇಶ, ಎಷ್ಟು ಸೆಕೆಂಡು, ವಿಡಿಯೋ ಕಾಲಿನಲ್ಲಿ ಏನು ಮಾಡಿ ತೋರಿಸಿದೆ ಅನ್ನುವುದರ ಸಮೇತ. ಕ್ಷಮಿಸು ಅಂದೆ.

“ಗೊತ್ತಿತ್ತು,” ಅಂದಳು. “ಒಂದೊಂದು ಮೆಸೇಜೂ ಏಳೆಂಟು ಸಲ ಕೇ… ಕೇಳಿ ಆಮೇಲೆ ಕಳಿಸ್ತಿದ್ದೆ ನಾನು. ನನ್ನ ನಡೆ ನನಗೆ ಗೊತ್ತಾಗಲ್ವಾ? ನೀನು ಹೇ… ಹೇಳ್ತೀಯಾ ಅಂತ ಅವತ್ತು ಲ್ಯಾಬಲ್ಲಿ ಕಾದೆ.”

ಅವಳು ಬೆಡ್‌ಶೀಟಿಗೆ ಕ್ಲಿಪ್ಪು ಹಾಕಿ ಬಂದಳು. ಮತ್ತೆ ಮಾತಾಡಲು ಹೊರಟಳು. ತುಟಿ ಗಂಟುಬಿತ್ತು. ಯಾವ ಮಾತು ಬರುತ್ತಿದೆ ಅಂತ ನನಗೆ ತಿಳಿಯಿತು. ನಾಲಿಗೆಯ ತುದಿಯಲ್ಲಿತ್ತು. ಕಚ್ಚಿ ಹಿಡಿದು ಸುಮ್ಮನಿದ್ದೆ. ಬಹಳ ಹೊತ್ತು ಹಿಡಿಯಿತು.

“ಪ… ಪ… ಪುಟ್ಟ, ಛತ್ರದಲ್ಲಿ ಅವತ್ತು ನಾನು ಯಾಕೆ ನಕ್ಕೆ ಗೊತ್ತಾ? ಎಲ್ರೂ ನನ್ನನ್ನೇ ನೋಡ್ತಿದ್ರು. ನಗದೇ ಇದ್ದಿದ್ರೆ ಅಳ್ಬೇಕಿತ್ತು.”

ಅವಳು ನನ್ನನ್ನು ಕ್ಷಮಿಸಿದೆ ಅನ್ನಲಿಲ್ಲ. ಊಟ ಮಾಡಿಕೊಂಡು ಹೋಗು ಅಂದಳು. ಅವಳು ಬಡಿಸಿದ ಹುಳಿಯನ್ನವನ್ನು ತಲೆ ಎತ್ತದೆ ತಿಂದು ಬಂದೆ.

ಮರುದಿನ ಏಜೆನ್ಸಿಗೆ ಫೋನು ಮಾಡಿ ಆ ಸದ್ದನ್ನು ಬದಲಿಸಿಕೊಡುತ್ತೇನೆ, ಜಾಹೀರಾತು ನಿಲ್ಲಿಸಿ ಅಂದೆ. ಕಾರಣ ಕೇಳಿದಾಗ ಮೊದಲು ಏನೋ ಟೆಕ್ನಿಕಲ್ ತೊಂದರೆ ಅಂದೆ. ಅಷ್ಟೆಲ್ಲ ಆದ ಮೇಲೂ ಬಾಯಿಗೆ ಮೊದಲು ಬಂದದ್ದು ಸುಳ್ಳೇ. ಆಮೇಲೆ ನಿಜ ಹೇಳಿದೆ. ಹುಡುಗಿ ಕಂಪನಿಯವರ ಹತ್ತಿರ ಮಾತಾಡುತ್ತೇನೆ ಅಂದಳು. ಅವಳ ಕೈಲಾದ ಪ್ರಯತ್ನ ಮಾಡಿದಳು ಅಂತಲೇ ನಂಬಿದ್ದೇನೆ. ಕಂಪನಿಯವರು ಒಪ್ಪಲಿಲ್ಲ, ಹಬ್ಬದ ಮಾರಾಟ ಅದರ ಮೇಲೇ ನಿಂತಿದೆ ಅಂದರಂತೆ. ದೀಪಾವಳಿ ಮುಗಿಯುವವರೆಗೂ ಓಡಿತು. ಆಮೇಲೆ ಬೇರೆ ಜಾಹೀರಾತು ಬಂತು. ರೀಲ್ಸ್ ಮಾಡುವವರು ಬೇರೆ ಹಾಡಿಗೆ ಹೋದರು. ಮೊಬೈಲಿನಲ್ಲಿ ಹುಡುಕಿದರೆ ಈಗಲೂ ಸಿಗುತ್ತದೆ.

ಅಮ್ಮನಿಗೂ ಹೇಳಿದೆ. ಅಮ್ಮ, ಅವಳೇನೂ ಮನಸ್ಸಿಗೆ ಹಚ್ಚಿಕೊಳ್ಳುವವಳಲ್ಲ, ಚಿಕ್ಕಂದಿನಿಂದ ನೀನು ಎಷ್ಟು ನೋಡಿಕೊಂಡಿದ್ದೀಯ ಅಂದಳು. ಅವತ್ತು ಅಮ್ಮನ ಆ ಮಾತಿನಷ್ಟು ಇನ್ನೇನೂ ಚುಚ್ಚಲಿಲ್ಲ.

ಅಕ್ಕ ಪಾರ್ಕಿಗೆ ಮತ್ತೆ ಹೋಗತೊಡಗಿದಳು. ಇದು ನನಗೆ ಗೊತ್ತಾದದ್ದು ಅಮ್ಮನಿಂದ. ದನಿ ಸಂದೇಶಗಳನ್ನು ಈಗ ಯಾರಿಗೆ ಕಳಿಸುತ್ತಾಳೋ ಗೊತ್ತಿಲ್ಲ, ನನಗಂತೂ ಕಳಿಸುವುದಿಲ್ಲ. ನಾನು ಕೇಳಿಲ್ಲ.

ಈ ವರ್ಷ ಅಮ್ಮನಿಗೆ ಕಣ್ಣಿನ ಪೊರೆ ತೆಗೆಸಿದೆವು. ದಿನಕ್ಕೆ ನಾಲ್ಕು ಸಲ ಔಷಧಿ ಬಿಡಬೇಕು. ನನ್ನ ಕೈ ನಡುಗುತ್ತದೆ ಅಂತ ಅಮ್ಮ ಒಪ್ಪಲಿಲ್ಲ. ಅಕ್ಕ ರಜೆ ಹಾಕಿ ಒಂದು ವಾರ ನಮ್ಮ ಮನೆಯಲ್ಲೇ ಇದ್ದಳು. ಒಂದು ಮಧ್ಯಾಹ್ನ, ಅಮ್ಮ ಮಲಗಿದ್ದಾಗ, ಮಹಡಿ ಹತ್ತಿ ನನ್ನ ಕೋಣೆಗೆ ಬಂದಳು. ಹನ್ನೊಂದು ವರ್ಷದಲ್ಲಿ ಅವಳು ಅಲ್ಲಿ ಕೂತು ಕೆಲಸ ನೋಡಿದ್ದೇ ಇಲ್ಲ. ಆ ವಾದ್ಯ ಹೇಗೆ ಕೆಲಸ ಮಾಡುತ್ತದೆ ತೋರಿಸು ಅಂದಳು.

ನಾನು ಅದನ್ನು ಬಳಸುವುದು ಬಿಟ್ಟಿಲ್ಲ. ಬಿಟ್ಟೆ ಅಂತ ಬರೆಯಬಹುದಿತ್ತು, ಓದಲು ಚೆನ್ನಾಗಿರುತ್ತಿತ್ತು. ದಿನವೂ ಬಳಸುತ್ತೇನೆ. ಸ್ಟೀಲ್ ಲೋಟದ ಸದ್ದೊಂದನ್ನು ತೆಗೆದು, ಕಣಗಳಾಗುವುದನ್ನು ತೋರಿಸಿದೆ, ತಂತಿಗೆ ಬಡಿಸಿದೆ, ಗಡಿಗೆಗೆ ಬಡಿಸಿದೆ. ಅವಳು ಲ್ಯಾಬಿನ ಮೆಷಿನ್ ನೋಡುವ ಹಾಗೆ ನೋಡಿದಳು. ಒಂದು ಕಣ ಎಷ್ಟು ಚಿಕ್ಕದಿರಬಹುದು, ಎಲ್ಲಿಯವರೆಗೆ ಒಡೆದರೆ ಯಾರ ದನಿ ಅಂತ ಗೊತ್ತಾಗುವುದಿಲ್ಲ, ಹೀಗೆ ಒಂದೊಂದೇ ಕೇಳಿದಳು. ಒಂದೊಂದು ಪ್ರಶ್ನೆಗೂ ಸಮಯ ಹಿಡಿಯಿತು. ನಾನು ಕಾದೆ. ಆಮೇಲೆ, ತನ್ನ ದನಿ ಹಾಕಿದ್ದು ಯಾವುದು, ಅದನ್ನು ಜಾಹೀರಾತು ಇಲ್ಲದೆ ಬರಿಯ ಸದ್ದು ಕೇಳಿಸು ಅಂದಳು.

“ಅಳಿಸಿಬಿಟ್ಟೆ ಅಕ್ಕ,” ಅಂದೆ. “ನಿಮ್ಮನೆಯಿಂದ ಬಂದ ದಿನಾನೇ. ಆ ಸದ್ದು, ನೀನು ಕಳಿಸಿದ್ದ ಮೆಸೇಜುಗಳು, ಎಲ್ಲಾ.”

ಮೆಚ್ಚುತ್ತಾಳೆ ಅಂತ ಒಳಗೊಳಗೆ ಎಣಿಸಿದ್ದೆ ಅನ್ನುವುದು ಅವಳ ಮುಖ ನೋಡಿದ ಮೇಲೆ ನನಗೇ ತಿಳಿಯಿತು.

“ಹನ್ನೊಂದೂ? ನ… ನನ್ನ ಕೇಳ್ದೆ?”

ಅವಳ ಹತ್ತಿರವೂ ಅವು ಇರಲಿಲ್ಲವಂತೆ. ಭಾವನ ಕಣ್ಣಿಗೆ ಬೀಳಬಾರದು ಅಂತ ಕಳಿಸಿದ ಕೂಡಲೇ ತನ್ನ ಫೋನಿನಿಂದ ತೆಗೆದುಬಿಡುತ್ತಿದ್ದಳು. ನನ್ನ ಹತ್ತಿರ ಇದೆ ಅನ್ನುವ ಧೈರ್ಯ. ಮೀಟಿಂಗಿನಲ್ಲಿ ಎದ್ದು ನಿಂತ ದಿನದ ಸಂದೇಶವನ್ನು ಮತ್ತೊಮ್ಮೆ ಕೇಳಬೇಕು ಅಂತ ಅವಳಿಗಿತ್ತಂತೆ. ನಾನು ಕತ್ತರಿಸಿದ ಆ ಸಂದೇಶದಲ್ಲಿ ಏನಿತ್ತು ಅನ್ನುವುದು ನನಗೆ ತಿಳಿದದ್ದು ಆಗಲೇ. ಇನ್ನೊಂದು ಮಾತನ್ನೂ ಹೇಳಿದಳು. ಲ್ಯಾಬಿನಲ್ಲಿ ಆ ಸದ್ದು ಕೇಳಿದಾಗ ಮೈಯೆಲ್ಲ ಉರಿದುಹೋಯಿತಂತೆ. ಆದರೆ ಸದ್ದು ಚೆನ್ನಾಗಿತ್ತು, ತನ್ನ ‘ಪ’ ಚೆನ್ನಾಗಿ ಕೇಳಿಸಿದ್ದು ಅದೊಂದೇ ಸಲ ಅಂದಳು.

ನಾನು ಅವಳ ದನಿಯನ್ನು ತೆಗೆದುಕೊಂಡಾಗಲೂ ಕೇಳಲಿಲ್ಲ, ಅಳಿಸಿದಾಗಲೂ ಕೇಳಲಿಲ್ಲ. ಎರಡನೆಯದನ್ನು ಪ್ರಾಯಶ್ಚಿತ್ತ ಅಂತ ತಿಳಿದು ಆರು ತಿಂಗಳು ನೆಮ್ಮದಿಯಾಗಿ ನಿದ್ದೆ ಮಾಡಿದ್ದೆ.

ಅವಳು ಸ್ವಲ್ಪ ಹೊತ್ತು ಆ ಲೋಟದ ಸದ್ದನ್ನು ತಾನೇ ಕೀಬೋರ್ಡಿನಲ್ಲಿ ಒತ್ತಿ ಒತ್ತಿ ನೋಡಿದಳು. ಆಮೇಲೆ ಗಡಿಯಾರ ನೋಡಿ, ಮೂರು ಗಂಟೆಯ ಔಷಧಿ ಬಿಡಬೇಕು ಅಂತ ಎದ್ದು ಕೆಳಗೆ ಹೋದಳು.